ಅಳತೆ ಪುಸ್ತಕದ ಹಿಂಬದಿ

ಮುಂದಿನಿಂದ ತೆರೆದರೆ ಎದೆ, ಸೊಂಟ, ತೋಳಿನ ಸುತ್ತು,
ಕೊರಳು ಮುಂದೆ ಆರೂವರೆ, ಹಿಂದೆ ಒಂಬತ್ತು,
ಪಿನ್ನು ಚುಚ್ಚಿದ ಸ್ಯಾಂಪಲ್ ಬಟ್ಟೆ,
ಅಡ್ವಾನ್ಸು ನೂರು, ಬಾಕಿ ಇನ್ನೂರೈವತ್ತು.
ತಲೆಕೆಳಗು ಮಾಡಿ ಹಿಂದಿನಿಂದ ತೆರೆದರೆ
ನಾನು ಕಲಿತದ್ದು.

ಬೇರೆ ಪುಸ್ತಕ ಕೊಳ್ಳಬಹುದಿತ್ತು, ನಲವತ್ತು ರೂಪಾಯಿ.
ಕೊಂಡಿದ್ದರೆ ಮನೆಯವರು ಕೇಳುತ್ತಿದ್ದರು.
ಇದಾದರೆ ಯಾರೂ ಕೇಳುವುದಿಲ್ಲ,
ಅಳತೆ ಪುಸ್ತಕ ಅಳತೆ ಪುಸ್ತಕವೇ.

ಮಂಡಿಪೇಟೆಯ ಈ ಗೂಡಿನಲ್ಲಿ ಹತ್ತೊಂಬತ್ತು ವರ್ಷ ಪೆಡಲು ತುಳಿದೆ.
ಮೊದಲು ಚೂಡಿದಾರ ಹೋಯಿತು, ರೆಡಿಮೇಡ್ ಪಾಲಾಯಿತು.
ಈಗ ಬ್ಲೌಸೂ ಹ್ಯಾಂಗರಿಗೆ ತೂಗಿಕೊಂಡೇ ಬರುತ್ತಿದೆ.
ಏಳಕ್ಕೆ ಷಟರೆಳೆದು ಮೆಡಿಕಲ್ ಶಾಪಿನ ಮೇಲಿನ ಕ್ಲಾಸಿಗೆ ಓಟ.
ಅಶೋಕ ರಸ್ತೆಯಲ್ಲಿ ಗೇಟು ಬಿದ್ದಿರುತ್ತದೆ, ಬಿದ್ದೇ ಇರುತ್ತದೆ.
ಗೂಡ್ಸಿನ ಡಬ್ಬಿ ಎಣಿಸುತ್ತಾ ನಿಲ್ಲುತ್ತೇನೆ,
ಎಷ್ಟಿವೆಯೋ ಯಾರಿಗೆ ಗೊತ್ತು.
ಆ ರಾತ್ರಿ ಬರೆದೆ:
ಲೂಪ್ ಅಂದರೆ ರೈಲ್ವೆ ಗೇಟು.
ಗಾರ್ಡಿನ ಡಬ್ಬಿ ಬಂದರೆ ಬಿಡುಗಡೆ.
ಬರದಿದ್ದರೆ, ಕೊಟ್ರಮ್ಮ, ನಿಂತಲ್ಲೇ ನೀನು.

ಕಲಿಸುವ ಹುಡುಗ ತಿಪ್ಪೇಶ, ಇಪ್ಪತ್ತಮೂರು,
"ಇದನ್ನೆಲ್ಲ ಬರೀಬೇಡ್ರಿ ಆಂಟಿ, ಹುಡುಕಿದರೆ ಸಿಗುತ್ತೆ" ಅನ್ನುತ್ತಾನೆ.
ಹುಡುಕಲಿಕ್ಕೆ ಕಳೆದದ್ದರ ಹೆಸರಾದರೂ ಗೊತ್ತಿರಬೇಕಲ್ಲಪ್ಪ.

ಫಂಕ್ಷನ್ ಅಂದಾಗ ನನಗೆ ನೆನಪಾದದ್ದು
ಮದುವೆ ಸೀಸನ್ನಿನ ರಾತ್ರಿಪಾಳಿ, ಹುಕ್ಕು, ಕಾಜ.
ಅದಲ್ಲವಂತೆ. ಒಮ್ಮೆ ಕತ್ತರಿಸಿ ಮೊಳೆಗೆ ತೂಗುಹಾಕಿದ
ಪೇಪರ್ ಕಟಿಂಗು, ಯಾರ ಅಳತೆ ಕೊಟ್ಟರೂ
ಅವರವರ ಮೈಗೆ ತಕ್ಕಂತೆ ಬಿಚ್ಚಿಕೊಳ್ಳುವುದು.
ಹಾಗಂತಲೇ ಬರೆದುಕೊಂಡೆ.

ಸೊನ್ನೆಯಿಂದ ಎಣಿಸಬೇಕಂತೆ. ಮೂರು ಸಂಜೆ ಹಾಳಾದವು.
ಕಡೆಗೆ ಟೇಪು ನೋಡಿಕೊಂಡೆ:
ಅದೂ ಸೊನ್ನೆಯಿಂದಲೇ ಶುರು, ಬರೆದಿಲ್ಲ ಅಷ್ಟೆ.
ತುದಿಯ ತಗಡು ಸವೆದು ಕಾಲಿಂಚು ಹೋಗಿದೆ,
ಆ ಕಾಲಿಂಚನ್ನು ಮನಸ್ಸಿನಲ್ಲೇ ಲೆಕ್ಕಕ್ಕೆ ಹಿಡಿದು
ಓಣಿಯ ಹೆಂಗಸರಿಗೆಲ್ಲ ಹೊಲಿದಿದ್ದೇನೆ.

ಕೆಲವು ಹಾಳೆಗಳಲ್ಲಿ ಉತ್ತರವೇ ಇಲ್ಲ.
"ಇದು ಯಾಕೆ ನಡೆಯುತ್ತದೋ ತಿಳಿಯದು. ನಡೆಯುತ್ತದೆ. ಮುಟ್ಟಬೇಡ."
"ಹೆಸರಿಡದ್ದನ್ನು ಕೂಗಿದೆ, ಓ ಅನ್ನಲಿಲ್ಲ."
"ಇವತ್ತು ಏನೂ ತಲೆಗೆ ಹತ್ತಲಿಲ್ಲ. ಎರಡು ಸೀರೆಗೆ ಫಾಲು ಹಚ್ಚಿದೆ."
ಸೀಮೆಸುಣ್ಣದ ಪ್ರಶ್ನೆಚಿಹ್ನೆ, ಕೈ ತಾಗಿ ಅರ್ಧ ಅಳಿಸಿದ್ದು.

ಮುಮ್ತಾಜ್ ಟೀಚರು ಹಿಂದುಮುಂದಾಗಿ ತೆರೆದು ಬೆಚ್ಚಿದರು:
"ಯಾರದಿದು ಅಳತೆ? ತೋಳಿಲ್ಲ, ಕೊರಳಿಲ್ಲ, ಬರೀ ಬ್ರ್ಯಾಕೆಟ್ಟು!"
ನಂದೇ ಟೀಚರ್, ಅಂದೆ. ಇನ್ನೂ ಟ್ರಯಲ್ ನೋಡಿಲ್ಲ.

ಮೊನ್ನೆ ರಾತ್ರಿ ಹನ್ನೊಂದಕ್ಕೆ ಕೆಟ್ಟು ನಿಂತಿತು ಪ್ರೋಗ್ರಾಮು.
ತಿಪ್ಪೇಶ ಫೋನು ಎತ್ತಲಿಲ್ಲ.
ಹಾಳೆ ತಿರುವುತ್ತಾ ಹೋದರೆ, ಶ್ರಾವಣದಲ್ಲಿ ಯಾರೋ
ಇದೇ ಗುಂಡಿಗೆ ಬಿದ್ದು, ಎದ್ದು,
ಪಕ್ಕದಲ್ಲಿ ಕಲ್ಲು ನೆಟ್ಟು ಹೋಗಿದ್ದಾಳೆ.
ಅಕ್ಷರ ನನ್ನದೇ. ಬರೆದ ನೆನಪಿಲ್ಲ.
ಅವಳಿಗೊಂದು ಚಹಾ ಕೊಡಿಸಬೇಕೆನಿಸಿತು.

ಈಗ ಪುಸ್ತಕ ನಡುವಿಗೆ ಬಂದಿದೆ.
ಆ ಕಡೆಯಿಂದ ಟೀಚರ ಸೊಂಟ ಮೂವತ್ತಾರು,
ಈ ಕಡೆಯಿಂದ ನನ್ನ ಫಂಕ್ಷನ್ನು,
ಒಂದಕ್ಕೊಂದು ತಲೆಕೆಳಗಾಗಿ ಎದುರುಬದುರು.
ಕೆಲಸ ಸಿಕ್ಕಿಲ್ಲ. ಪಿ.ಬಿ. ರಸ್ತೆಯ ಒಂದು ಆಫೀಸಿನವರು
"ಮುಂದಿನ ವಾರ ಬರ್ರಿ" ಅಂದಿದ್ದಾರೆ.
ಆ ಮಾತನ್ನು ನಾನೇ ಎಷ್ಟು ಗಿರಾಕಿಗಳಿಗೆ ಹೇಳಿಲ್ಲ!
ಎರಡು ಬರಹಗಳ ನಡುವೆ
ಒಂದೂವರೆ ಇಂಚು ಖಾಲಿ ಬಿಟ್ಟಿದ್ದೇನೆ.
ಒಳಗೆ ಅಷ್ಟು ಬಟ್ಟೆ ಬಿಡದೆ
ನಾನು ಯಾರಿಗೂ ಹೊಲಿದವಳಲ್ಲ.